ಹಲ್, ಮೂರೂ ಮೂವತ್ತೊಂಬತ್ತು

ಔಷಧಿ ಅಂಗಡಿಯ ಬಿಳಿ ಕೋಟು ಬಿಚ್ಚದೆಯೇ
ಓಡಿ ಬಂದಿದ್ದೇನೆ. ಮೂರೂ ಇಪ್ಪತ್ತು.
ಹಲ್ಲಿನ ಅರ್ಧ ಹೆಸರಿಟ್ಟುಕೊಂಡ ಈ ಊರಿನಲ್ಲಿ
ಡಿಸೆಂಬರಿನ ಹೊತ್ತು
ಶಾಲೆಯ ಗಂಟೆಯ ಬೆನ್ನಿಗೇ ಮುಳುಗುತ್ತದೆ.
ಒಲೆಯ ಮೇಲೆ ಹೆಸರುಬೇಳೆ.
ಮೇಜಿನ ಮೇಲೆ ಬ್ರಾಹ್ಮಿಲಾ ಚಿಕ್ಕಮ್ಮನ ನೀಲಿ ರಟ್ಟಿನ ಪುಸ್ತಕ,
ತೆರೆದದ್ದು ಅಕ್ಟೋಬರಿನ ಪುಟಕ್ಕೆ:

ವಿಯೆತ್ರಿ, ಶನಿವಾರ, ಆರೂ ಆರು.
ಚೆತಾರಾ, ಭಾನುವಾರ, ಐದೂ ಐದು.
ಮಿನೋರಿ, ಸೋಮವಾರ, ಐದೂ ಮೂರು.
ಅತ್ರಾನಿ, ಮಂಗಳವಾರ, ಐದೂ ಎರಡು. ನಿಂಬೆ.

ಒಂದೇ ರಾತ್ರಿಗೆ ಒಂದು ಗಂಟೆ ಎಲ್ಲಿ ಹೋಯಿತು ಅಂತ
ಚಂದನಾ ಕೇಳಿದ್ದಳು ಆ ಭಾನುವಾರ.
ಚಳಿಗಾಲ ಬಂತಲ್ಲ, ಮುಳ್ಳು ಹಿಂದಕ್ಕೆ ತಿರುಗಿಸುತ್ತಾರೆ ಎಂದ ಧರಣೇಂದ್ರ.
ಚಿಕ್ಕಮ್ಮ ಮಾತ್ರ
ಚಿಕ್ಕಪ್ಪನ ದೊಡ್ಡ ವಾಚನ್ನು, ಮೊಣಕೈವರೆಗೂ ಜಾರುವ ವಾಚನ್ನು,
ಮುಟ್ಟಲಿಲ್ಲ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು.
ಹಲ್‌ನಿಂದ ಹೊರಟಾಗಿನ ಹೊತ್ತನ್ನೇ ಕಟ್ಟಿಕೊಂಡು ತಿರುಗಿದರು.
ಅಂದಿನಿಂದ ಅದು ಅಲ್ಲಿ ತಾನಾಗಿಯೇ ಸರಿಯಾಯಿತು.

ಅಗ್ಗದ ವಿಮಾನ, ತಲೆಗೊಂದೇ ಚೀಲ,
ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಅವಲಕ್ಕಿ.
ಬಸ್ಸು ಬಂಡೆಯನ್ನು ಉಜ್ಜಿಕೊಂಡೇ ತಿರುಗುವಾಗ
ಚಂದನಾಗೆ ವಾಂತಿ, ಧರಣೇಂದ್ರನಿಗೆ ಫೋಟೋ.
ಏಳೂವರೆಗೆ ಮೊದಲು ಅಲ್ಲಿ ಯಾವ ಒಲೆಯೂ ಹೊತ್ತದು,
ಹೊತ್ತು ಮುಳುಗಿದ ಮೇಲೆ ಇವರು ನೀರೂ ಮುಟ್ಟರು.
ಹಾಗಾಗಿ ಎಲ್ಲ ಊರಿನಲ್ಲೂ ನಾವು ನೋಡಿದ್ದು
ಬಾಗಿಲು ಹಾಕಿದ ಹೋಟೆಲಿನ ಮೆಟ್ಟಿಲು.

ಅತ್ರಾನಿಯಲ್ಲಿ ಮೂರೂವರೆಗೇ ಬಿಸಿಲು ಹೋಯಿತು.
ಬೆಟ್ಟ ಅದನ್ನು ಒಂದೇ ಗುಕ್ಕಿಗೆ ನುಂಗಿ
ಕಲ್ಲು ತಣ್ಣಗಾಯಿತು.
ಗಾಬರಿಯಲ್ಲಿ ಡಬ್ಬಿ ತೆರೆದೆ, ಅವಲಕ್ಕಿ ಅರ್ಧ ಚೆಲ್ಲಿದೆ.
ಚಿಕ್ಕಮ್ಮ ಕೂತಲ್ಲಿಂದ ಅಲುಗಲಿಲ್ಲ. ತರಗತಿಯ ಹಳೇ ದನಿ:
"ಮರೆಯಾಗುವುದು ಬೇರೆ, ಮುಳುಗುವುದು ಬೇರೆ.
ಇನ್ನೂ ಒಂದೂವರೆ ಗಂಟೆ ಇದೆ."
ಆಮೇಲೆ ವಾಚಿನ ಗಾಜನ್ನು ಸೆರಗಿನಿಂದ ಒರೆಸಿದರು,
ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

ಸಿಗರೇಟಿಗೆಂದು ಹಿಂಬಾಗಿಲಿಗೆ ಬಂದ ಅಡುಗೆಯವ
ಚೆಲ್ಲಿದ ಅವಲಕ್ಕಿ ನೋಡಿದ, ಬಗ್ಗಿದ ನನ್ನನ್ನು ನೋಡಿದ.
ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ,
ನೆಲದಡಿ ಬೆಳೆಯುವ ಯಾವುದೂ ಬೇಡ,
ಚಂದನಾ ಫೋನಿಗೆ ಹೇಳಿದಳು, ಫೋನು ಅವನಿಗೆ ಹೇಳಿತು.
ಅವನು ಮನಸ್ಸಿನಲ್ಲೇ ತನ್ನ ಅಡುಗೆಮನೆಯನ್ನು
ಒಂದೊಂದು ಕಪಾಟಾಗಿ ಖಾಲಿ ಮಾಡುತ್ತಿದ್ದುದು ಮುಖದಲ್ಲಿ ಕಂಡಿತು.
ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ.
ಬಂದವನು ಆಕಾಶ ನೋಡಿ ಹತ್ತು ಬೆರಳು ತೋರಿಸಿದ.
ಚಿಕ್ಕಮ್ಮ ವಾಚು ನೋಡಿ ಎಂಟು ತೋರಿಸಿದರು.

ಏಳಕ್ಕೆ ತಟ್ಟೆ ಬಂತು.
ಮಗುವಿನ ತಲೆಯಷ್ಟು ದೊಡ್ಡ ನಿಂಬೆ, ಸಿಪ್ಪೆಯ ಬಿಳಿಯ ಸಮೇತ
ಹಪ್ಪಳದಂತೆ ತೆಳ್ಳಗೆ ಹೆಚ್ಚಿದ್ದು, ಪುದೀನ, ಉಪ್ಪು, ಎಣ್ಣೆ,
ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು.
ದಡದಲ್ಲಿ ಎಲ್ಲರೂ ಫೋನೆತ್ತಿ ಆಕಾಶದ ಬಣ್ಣ ಹಿಡಿಯುತ್ತಿದ್ದರು.
ಚಿಕ್ಕಮ್ಮ ಅದಕ್ಕೆ ಬೆನ್ನು ಹಾಕಿ ಉಂಡರು,
ಬೆರಳು ನೆಕ್ಕಿದರು (ಎರಡು ವರ್ಷವಾಗಿತ್ತು ನಾನದನ್ನು ನೋಡಿ),
ಬಾಯಿ ತೊಳೆದು, ಕೊನೆಯ ಗುಟುಕು ಕುಡಿದು, ಕೈ ಮುಗಿದರು.
ಯಾರಿಗೆಂದು ತಿಳಿಯದೆ ಅಡುಗೆಯವನೂ ಮುಗಿದ.
ಚೀಟಿಯಲ್ಲಿ ಬ್ರೆಡ್ಡಿನ ಹಣ ಮಾತ್ರ ಬರೆದಿತ್ತು.

ಇಲ್ಲಿ ಒಂಬತ್ತು ದಿನದಿಂದ ಸೂರ್ಯನ ಸುಳಿವಿಲ್ಲ.
ಹಂಬರ್ ನದಿಗೆ ಆರಿದ ಟೀ ಬಣ್ಣ,
ಎದುರು ಮನೆಯ ದೀಪ ಮಧ್ಯಾಹ್ನವೇ ಹತ್ತಿದೆ.
ಬಾಗಿಲು ಧಡಾರೆನ್ನುತ್ತದೆ. ಬೂಟಿನ ಕೆಸರಿನ ಸಮೇತ ಚಂದನಾ:
"ಅಜ್ಜೀ, ಇನ್ನು ಹನ್ನೊಂದು ನಿಮಿಷ!"
ತಟ್ಟೆ ಹಾಕುತ್ತೇನೆ.
ಚಿಕ್ಕಪ್ಪನ ವಾಚು ಈಗ ಒಂದು ಗಂಟೆ ಮುಂದಿದೆ.
ಸರಿ ಮಾಡಿಕೊಡಲೇ ಎಂದರೆ ಬೇಡವೆನ್ನುತ್ತಾರೆ,
ಅದು ಅತ್ರಾನಿಗೆ ಸರಿಯಾಗಿದೆಯಂತೆ.
ಪುಟ ತಿರುವಿ, ಲೆಕ್ಕ ಹಾಕಿ, ಬೇಳೆಗೆ ತುಪ್ಪ ಸುರಿದುಕೊಳ್ಳುತ್ತ
ಹೇಳುತ್ತಾರೆ: "ಈ ವಾರ ಅಲ್ಲಿಗೂ ಇಲ್ಲಿಗೂ
ಮೂರೇ ನಿಮಿಷದ ವ್ಯತ್ಯಾಸ ಕಣೇ.
ಅವನೂ ಈಗ ಸಿಗರೇಟು ಹಚ್ಚಿ
ಹಿಂಬಾಗಿಲಲ್ಲಿ ನಿಂತಿರುತ್ತಾನೆ."